ಚರಂಡಿ ಕಟ್ಟಿದವನೇ ಕೊಟ್ಟ ತರಬೇತಿ

ಗೆಳೆಯರೇ, ಗುತ್ತಿಗೆದಾರನ ಕೆಲಸ ಪರೀಕ್ಷಿಸುವ ಎಂಜಿನಿಯರುಗಳಿಗೆ ಆ ಗುತ್ತಿಗೆದಾರನೇ ತರಬೇತಿ ಕೊಡುವುದು ಶುದ್ಧ ಅನ್ಯಾಯ. ಇವತ್ತು ಸಿದ್ಧಾರ್ಥನಗರದ ಎಂಜಿನಿಯರುಗಳ ಕಚೇರಿಗೆ ದೂರು ಕೊಡಲು ಹೋದವನು ಕಣ್ಣಾರೆ ಕಂಡೆ. ತರಬೇತಿ ಕೊಡಬೇಕಿದ್ದ ತಜ್ಞರು ಬರಲಿಲ್ಲವೆಂದು, ಊಟದ ಏರ್ಪಾಡಿಗೆ ಬಂದಿದ್ದ ಗುತ್ತಿಗೆದಾರನನ್ನೇ ವೇದಿಕೆ ಹತ್ತಿಸಿದ್ದರು. ನಮ್ಮ ದಟ್ಟಗಳ್ಳಿಯ ಹೊಸ ಚರಂಡಿ ಅವನು ಕಟ್ಟಿದ್ದೇ. ಮೊನ್ನೆ ಅದರ ಚಪ್ಪಡಿ ಮುರಿದು ಪಕ್ಕದ ಮನೆಯ ಅಜ್ಜಿ ಒಳಗೆ ಬಿದ್ದಿದ್ದರು.

"ಚಪ್ಪಡೀನ ಸುತ್ತಿಗೇಲಿ ಹೊಡೀಬಾರ್ದು ಸಾರ್, ಕೈಯಲ್ಲಿ ಸವರಿ ನೋಡ್ಬೇಕು," ಎಂದ ಗುತ್ತಿಗೆದಾರ. ಎಲ್ಲರೂ ಬರೆದುಕೊಂಡರು.

"ಅಂಗಾದ್ರೆ ಅಜ್ಜಿ ಕಾಲಿಟ್ಟಿದ್ದೇ ತಪ್ಪಾ?" ಎಂದು ಕೇಳಿದೆ.

"ಸುಮ್ನಿರಪ್ಪ, ಮೇಷ್ಟ್ರು ಪಾಠ ಮಾಡ್ತಾವ್ರೆ," ಎಂದರು ನಮ್ಮ ಬಡಾವಣೆಯ ಎಂಜಿನಿಯರು. ಚರಂಡಿ ಗಟ್ಟಿಯಿದೆಯೆಂದು ಸೋಮವಾರ ಸಹಿ ಹಾಕುವವರು ಇವರೇ.

ನಮಗಂತೂ ತರಬೇತಿ ಆಗಿಲ್ಲ. ಸುತ್ತಿಗೆ ತೆಗೆದುಕೊಂಡು ಚರಂಡಿ ಹತ್ತಿರ ಬನ್ನಿ, ಭಾನುವಾರ ಬೆಳಿಗ್ಗೆ ಏಳು ಗಂಟೆಗೆ.