ಧ್ವನಿವರ್ಧಕದ ಸಿನ್ಫೊರಿಯಾನೊ ಕಲಿತ ದೊಡ್ಡ ಪದಗಳು

ಪರಾಗ್ವೆ ನದಿಯ ದಂಡೆಯ ಪುಯೆರ್ತೊ ಗ್ವಾವಿರಾದಲ್ಲಿ ಯಾರದಾದರೂ ಹಸು ತಪ್ಪಿಸಿಕೊಂಡರೆ, ಯಾರಾದರೂ ಕಣ್ಣು ಮುಚ್ಚಿದರೆ, ದೋಣಿಯಲ್ಲಿ ಅಗ್ಗದ ಈರುಳ್ಳಿ ಬಂದಿಳಿದರೆ ಊರಿಗೆ ಸುದ್ದಿ ಮುಟ್ಟುವುದು ಸಿನ್ಫೊರಿಯಾನೊ ಬಾರೇಯ್ರೊನ ಬಾಯಿಂದ. ಹಳೆಯ ಮೋಟಾರ್ ಸೈಕಲ್ಲಿನ ಹಿಂದೆ ಧ್ವನಿವರ್ಧಕದ ಎರಡು ಹಾರ್ನ್ ಕಟ್ಟಿಕೊಂಡು, ಕೆಂಪು ಧೂಳೆಬ್ಬಿಸುತ್ತ, ಅವನು ಬೀದಿ ಬೀದಿ ಸುತ್ತುತ್ತಿದ್ದ. ದನಿ ಮಾತ್ರ ದೇವರು ಮನಸ್ಸಿಟ್ಟು ಕೊಟ್ಟದ್ದು. ಉಳಿದದ್ದರ ಬಗ್ಗೆ ಅವನಿಗೇ ಭ್ರಮೆ ಇರಲಿಲ್ಲ. "ನಾನೂ ಈ ಹಾರ್ನೂ ಒಂದೇ ಜಾತಿ ಕಣ್ರೋ," ಎನ್ನುತ್ತಿದ್ದ. "ಬಾಯಿ ಇಷ್ಟಗಲ, ಒಳಗೆ ಬರೀ ಗಾಳಿ."

ಊರಿನವರು ಮನೆಯಲ್ಲಿ, ಸಂತೆಯಲ್ಲಿ, ಜಗಳದಲ್ಲಿ ಆಡುವುದು ಗ್ವಾರಾನಿ. ಕಚೇರಿಯವರದು, ಪುಸ್ತಕದವರದು ಸ್ಪ್ಯಾನಿಷ್. ಸಿನ್ಫೊರಿಯಾನೊ ಗ್ವಾರಾನಿಯಲ್ಲಿ ಹುಲಿ. ಸ್ಪ್ಯಾನಿಷ್ ಎಂದರೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡವನ ಹಾಗೆ ಹೆಜ್ಜೆಹೆಜ್ಜೆಗೂ ಎಡವುತ್ತಿದ್ದ. ಅವನನ್ನು ಎಡವಿಸಿದ ಪದಗಳ ಭಾರ ನಮಗೆ ತಿಳಿಯಬೇಕಾದರೆ ನಮ್ಮ ಗ್ರಾಂಥಿಕ ಪದಗಳನ್ನೇ ಇಟ್ಟು ತೂಗಬೇಕು, ಹಾಗೆಯೇ ಹೇಳುತ್ತೇನೆ.

ಒಮ್ಮೆ ಆಸ್ಪತ್ರೆಯ ನರ್ಸ್ ನಾಯಿಗಳ ಲಸಿಕೆಯ ಪ್ರಕಟಣೆಯನ್ನು ಸ್ಪ್ಯಾನಿಷಿನಲ್ಲಿ ಬರೆದುಕೊಟ್ಟಿದ್ದಳು. ಕಾಗದ ನೋಡಿಕೊಂಡು ಓದುವುದೆಂದರೆ ಅವನಿಗೆ ಅವಮಾನ. ನೆನಪಿನಿಂದಲೇ ಕೂಗಿದ: "ನಾಯಿಗಳು ತಮ್ಮ ತಮ್ಮ ಮಾಲೀಕರನ್ನು ಹಗ್ಗದಲ್ಲಿ ಬಿಗಿದು ಕರೆತರತಕ್ಕದ್ದು. ಕಚ್ಚುವ ಮಾಲೀಕರ ಬಾಯಿಗೆ ಕುಕ್ಕೆ ಕಡ್ಡಾಯ." ಮಾರನೆಯ ದಿನ ಕಟುಕ ರುಫೀನೊ ಕೊರಳಿಗೆ ಹಗ್ಗ ಸುತ್ತಿಕೊಂಡು ನಾಯಿಯ ಹಿಂದೆ ನಡೆದು ಬಂದ. ಆಸ್ಪತ್ರೆಯ ಅಂಗಳ ನಕ್ಕು ನಕ್ಕು ಸುಸ್ತಾಯಿತು. ನರ್ಸ್ ಮಾತ್ರ ನಗಲಿಲ್ಲ. ಹಿರಿಯರನ್ನು ಗ್ವಾರಾನಿಯಲ್ಲಿ ಕರೆಯುವ ಮರ್ಯಾದೆಯಲ್ಲೇ ಅವನನ್ನು ಕರೆದಳು.

"ಕರಾಯ್ ಸಿನ್ಫೊರಿಯಾನೊ, ಶಾಲೆಯಲ್ಲಿ ಮಿರ್ತಾ ಟೀಚರ್ ದೊಡ್ಡವರಿಗೆ ಕ್ಲಾಸ್ ಶುರುಮಾಡಿದ್ದಾರೆ. ಹೋಗಿ ಸೇರ್ಕೊಳ್ಳಿ. ಇಲ್ಲಾಂದ್ರೆ ಮುಂದಿನ ಸಲ ಸೂಜಿ ನಿಮಗೇ," ಎಂದಳು.

ಅವನ ಹೆಂಡತಿ ಎದುವಿಹೆಗೆ ಇದು ಹಬ್ಬವಾಯಿತು. "ಹೋಗಿ, ಹೋಗಿ. ಮದುವೆ ಆದಾಗಿಂದ ನಿಮಗೆ ಏನಾದ್ರೂ ಕಲಿಸೋಕೆ ನಾನೊಬ್ಬಳೇ ಒದ್ದಾಡ್ತಿದ್ದೆ. ಈಗ ಸರ್ಕಾರನೂ ಕೈ ಜೋಡಿಸ್ತಿದೆ."

ಹೀಗೆ ಅವನು ಐವತ್ತೈದು ದಾಟಿದ ಮೇಲೆ ಮಕ್ಕಳ ಬೆಂಚಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತ. ಪಕ್ಕದಲ್ಲಿ ರುಫೀನೊ, ಅವನಿಗೆ ಮಾಂಸದಂಗಡಿಯ ಬೋರ್ಡು ತಾನೇ ಬರೆಯುವ ಹಂಬಲ. ಮಿರ್ತಾ ಟೀಚರ್ ಚಿಕ್ಕ ವಯಸ್ಸಿನವಳು. ಪದಗಳ ಪಟ್ಟಿ ಬಾಯಿಪಾಠ ಮಾಡಿಸುವುದು ಅವಳಿಗೆ ಸೇರದು. ಎಲ್ಲರ ಕೈಗೂ ಒಂದು ಸಣ್ಣ ಕಥೆಯ ಮೊದಲೆರಡು ಪುಟ ಕೊಟ್ಟಳು.

"ಪದದ ಅರ್ಥ ಗೊತ್ತಿಲ್ಲ ಅಂತ ನಿಲ್ಲಬೇಡಿ. ಅಕ್ಕಪಕ್ಕದ ಮಾತು ನೋಡಿ, ಏನಿರಬಹುದು ಅಂತ ಊಹಿಸಿ. ಹೊಸಬರು ಯಾರಾದ್ರೂ ಊರಿಗೆ ಬಂದ್ರೆ ಅವರ ಜೊತೆ ಯಾರಿದಾರೆ ನೋಡಿ ಅಂದಾಜು ಮಾಡಲ್ವಾ? ಹಾಗೇ. ಮುಂದಿನ ವಾರ ಕೂತು ಸರಿ-ತಪ್ಪು ನೋಡೋಣ."

ಸಿನ್ಫೊರಿಯಾನೊಗೆ ಇದು ಬಹಳ ಹಿಡಿಸಿತು. ಜೀವಮಾನವೆಲ್ಲ ಅವನು ಮಾಡಿಕೊಂಡು ಬಂದದ್ದೇ ಊಹೆ.

ಮನೆಯ ಮಾವಿನ ಮರದ ಕೆಳಗೆ, ಎದುವಿಹೆ ಕೊಂಬಿನ ಲೋಟದಲ್ಲಿ ತಣ್ಣನೆಯ ತೆರೆರೆ ಚಹಾ ತುಂಬಿ ತುಂಬಿ ಕೊಡುತ್ತಿರಲು, ಅವನು ಕಥೆಯನ್ನು ಗಟ್ಟಿಯಾಗಿ ಓದಿದ. ಒಂದು ಸಣ್ಣ ರೈಲ್ವೆ ನಿಲ್ದಾಣ. ಅಲ್ಲೊಬ್ಬ ಸ್ಟೇಷನ್ ಮಾಸ್ತರ, ಅವನ ಹೆಂಡತಿ. "ಕೀರ್ತಿಶೇಷ ಸ್ಟೇಷನ್ ಮಾಸ್ತರರ ಕುರ್ಚಿಯ ಮುಂದೆ ಆಕೆ ದಿನವೂ ಕಾಫಿ ಇಡುತ್ತಿದ್ದಳು. ಅಹರ್ನಿಶಿ ದುಡಿದು ಮನೆ ನಡೆಸುತ್ತಿದ್ದಳು. ಸಂಜೆ ಮಾಸ್ತರರ ಚಿರಶಾಂತಿಗಾಗಿ ಒಂದು ಮೇಣದಬತ್ತಿ ಹಚ್ಚುತ್ತಿದ್ದಳು."

"ಕೀರ್ತಿಶೇಷ ಅಂದ್ರೆ?" ಎದುವಿಹೆ ಕೇಳಿದಳು.

ಅವನು ಅಕ್ಕಪಕ್ಕ ನೋಡಿದ. ಕೀರ್ತಿ ಗೊತ್ತಿತ್ತು. ಶೇಷ ಎಂದರೆ ವಿಶೇಷದ ತಮ್ಮನಿರಬೇಕು. "ಭಾರಿ ಹೆಸರುವಾಸಿ ಅಂತ. ಎಲ್ಲರಿಗೂ ಹೇಳಲ್ಲ, ವಿಶೇಷ ಜನಕ್ಕೆ ಮಾತ್ರ."

"ಅಹರ್ನಿಶಿ?"

"ಮನೆಗೆಲಸದ ಹೆಂಗಸು. ಪಾಪ, ಎಲ್ಲಾ ಕೆಲಸ ಅವಳ ತಲೆ ಮೇಲೇ."

"ಮತ್ತೆ ಚಿರಶಾಂತಿ?"

ಇದಕ್ಕೆ ತುಸು ಹೊತ್ತು ಹಿಡಿಯಿತು. ಕುರ್ಚಿ, ಕಾಫಿ, ದೀಪ, ಸದ್ದಿಲ್ಲದ ಮನೆ. "ನಿದ್ದೆ ಕಣೇ. ಸಣ್ಣದೊಂದು ನಿದ್ದೆ. ಓದಿದವರು ಅದಕ್ಕೂ ದೀಪ ಹಚ್ತಾರೆ."

ಎದುವಿಹೆಗೆ ಸಮಾಧಾನವಾಗಲಿಲ್ಲ. "ಏನ್ರೀ ಆ ಗಂಡಸು! ಹೆಂಡ್ತಿ ಎರಡು ಪುಟ ಮಾತಾಡಿದ್ರೂ ತುಟಿ ಬಿಚ್ಚಲ್ವಲ್ಲ?"

"ಗಾಂಭೀರ್ಯ. ಕೀರ್ತಿಶೇಷರು ಸುಮ್‌ಸುಮ್ನೆ ಮಾತಾಡಲ್ಲ."

ಸ್ಟೇಷನ್ ಮಾಸ್ತರ ಅವನ ಮನಸ್ಸಿನಲ್ಲಿ ಕೂತುಬಿಟ್ಟ. ತಾನೂ ಹಾಗೇ ಇರಬೇಕೆಂದು ಒಂದು ಬೆಳಿಗ್ಗೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಹೆಂಡತಿಯ ಯಾವ ಮಾತಿಗೂ ಉತ್ತರ ಕೊಡಲಿಲ್ಲ. ಎದುವಿಹೆ ಅವನ ಹಣೆ ಮುಟ್ಟಿ ನೋಡಿದಳು, ಬಾಯಿ ತೆರೆಸಿ ಹಲ್ಲು ನೋಡಿದಳು, ಕೊನೆಗೆ ಜಂತುಹುಳಕ್ಕೆಂದು ಕಹಿ ಕಷಾಯ ಕುಡಿಸಿದಳು. ಗಾಂಭೀರ್ಯ ಅಲ್ಲಿಗೆ ಮುಗಿಯಿತು.

ಆ ವಾರವೇ ಫಿದೆಲಿನಾ ಬಂದಳು. ಊರಾಚೆಯ ದಿಬ್ಬದ ಮೇಲೆ ಕುದುರೆಯ ಜೀನು ಹೊಲಿಯುವ ದೋನ್ ಕ್ರಿಸ್ಪುಲೊನ ಮಗಳು. ಅಪ್ಪನಿಗೆ ಎಂಬತ್ತು ತುಂಬುತ್ತಿದೆ, ಶನಿವಾರ ಮಧ್ಯಾಹ್ನ ಊರಿಗೆಲ್ಲ ಊಟ ಎಂದಳು.

"ಆದ್ರೆ ಹುಟ್ಟಿದಹಬ್ಬ ಅನ್ನಬೇಡಿ ಕರಾಯ್. ವಯಸ್ಸಿನ ಸುದ್ದಿ ಎತ್ತಿದ್ರೆ ಅಪ್ಪ ಹರಿಹಾಯ್ತಾರೆ. ಅವರ ಗೌರವಕ್ಕೆ ಊಟ ಅಂತ ಹೇಳಿ ಸಾಕು. ಉಂಡ ಮೇಲೆ ಅವರು ಸ್ವಲ್ಪ ಮಲಗಬೇಕು, ಜನ ಕೂತೇ ಬಿಡಬಾರದು. ಅದನ್ನೂ ಒಂದು ಮಾತು ನಯವಾಗಿ ಸೇರಿಸಿ. ಸ್ಪ್ಯಾನಿಷಿನಲ್ಲಿ ಹೇಳಿ, ಘನತೆ ಇರುತ್ತೆ."

ಅವಳು ಕೇಳಿದ್ದೇ ಘನತೆ. ಅವನ ಬಳಿ ಹೊಸದಾಗಿ ಬಂದದ್ದೂ ಅದೇ.

ಶನಿವಾರ ಬೆಳಿಗ್ಗೆ ಹಾರ್ನುಗಳು ಎಚ್ಚರಗೊಂಡವು. ದೊಡ್ಡ ಪದಗಳಿಗೆ ತಕ್ಕಂತೆ ಅವನು ದನಿಯನ್ನು ತಗ್ಗಿಸಿ, ನಿಧಾನಿಸಿ, ಗ್ವಾರಾನಿಯಲ್ಲಿ ಸಾವಿನ ಸುದ್ದಿ ಕೂಗಲು ಎತ್ತಿಟ್ಟಿದ್ದ ದನಿಯನ್ನೇ ತೆಗೆದ. "ಕೀರ್ತಿಶೇಷ ದೋನ್ ಕ್ರಿಸ್ಪುಲೊ ಒವೆಲಾರ್ ಅವರ ಗೌರವಾರ್ಥ ಇಂದು ಮಧ್ಯಾಹ್ನ ಸ್ವಗೃಹದಲ್ಲಿ ಎಲ್ಲರೂ ಸೇರಬೇಕು. ಊಟವಿರುತ್ತದೆ. ಬಳಿಕ ಅವರ ಚಿರಶಾಂತಿಗಾಗಿ ಎಲ್ಲರೂ ಮೌನವಾಗಿ ನಿರ್ಗಮಿಸಬೇಕು."

ಬೀದಿಯಲ್ಲಿ ಜನ ಟೋಪಿ ತೆಗೆದರು. ಮುದುಕಿಯರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅವನ ಮೈ ಜುಮ್ಮೆಂದಿತು. ಒಂದು ಪದಕ್ಕೆ ಇಷ್ಟು ಶಕ್ತಿ ಇದೆಯೆಂದು ತಿಳಿದಿದ್ದರೆ ಚಿಕ್ಕಂದಿನಲ್ಲೇ ಶಾಲೆ ಬಿಡುತ್ತಿರಲಿಲ್ಲವಲ್ಲ ಎಂದುಕೊಂಡ. ಅಳುತ್ತಿದ್ದ ಒಬ್ಬ ಹೆಂಗಸನ್ನು ಕಂಡು, ನನ್ನ ಭಾಷೆ ಹೃದಯಕ್ಕೆ ನಾಟಿದೆ ಎಂದು ಇನ್ನೊಂದು ಸುತ್ತು ಹೊಡೆದ.

ದಿಬ್ಬದ ಮೇಲೆ ದೋನ್ ಕ್ರಿಸ್ಪುಲೊಗೆ ಇದಾವುದೂ ಕೇಳಿಸಲಿಲ್ಲ. ಅವನಿಗೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಯಾರೋ ಕರೆದಂತಾಯಿತು ಎನ್ನುವಷ್ಟು ಕಿವುಡು. ಹಾರ್ನಿನ ಮಾತು ಊರಾಚೆಯ ದಿಬ್ಬದವರೆಗೆ ಮುಟ್ಟದೆ, ಫಿದೆಲಿನಾ ಒಲೆಯ ಮುಂದೆ ಜೋಳದ ರೊಟ್ಟಿ ಬೇಯಿಸುತ್ತಿದ್ದಳು. ಮುದುಕ ಅಂಗಳದಲ್ಲಿ ಕೆಂಡದ ಮೇಲೆ ಮಾಂಸದ ತುಂಡು ತಿರುವುತ್ತಿದ್ದಾಗ ಬೇಲಿಯ ಬಾಗಿಲು ತೆರೆಯಿತು. ಕಪ್ಪು ಬಟ್ಟೆಯ ಹೆಂಗಸರು, ಕೈಯಲ್ಲಿ ಜಪಮಾಲೆ. ಅವರ ಹಿಂದೆ ಅಳತೆಪಟ್ಟಿ ಹಿಡಿದ ಬಡಗಿ. ಎಲ್ಲರಿಗಿಂತ ಮುಂದೆ, ಎದೆ ಬಡಿದುಕೊಳ್ಳುತ್ತ, ಮುದುಕನ ತಂಗಿ ಸಾತುರ್ನಿನಾ. ಅಪ್ಪ ಬಿಟ್ಟುಹೋದ ಹಾರ್ಪ್ ಯಾರಿಗೆಂಬ ಜಗಳದಲ್ಲಿ ಅಣ್ಣನ ಮುಖ ನೋಡುವುದಿಲ್ಲವೆಂದು ಶಪಥ ಮಾಡಿ ಹೊಳೆಯಾಚೆ ಹೋದವಳು. ಸುದ್ದಿಯನ್ನು ಅಂಬಿಗ ಮುಟ್ಟಿಸಿದ್ದ.

"ಅಣ್ಣಾ, ನನ್ನ ಬಿಟ್ಟು ಹೋದ್ಯಾ! ಆ ಹಾರ್ಪ್ ಹಾಳಾಗ್ಲಿ, ಒಂದು ಮಾತು ಆಡದೆ ಹೋದ್ಯಲ್ಲೋ!" ಎನ್ನುತ್ತ ಬಂದವಳು ಅಣ್ಣನಿಗೇ ಡಿಕ್ಕಿ ಹೊಡೆದಳು.

ಅವನು ಕೈಯಲ್ಲಿ ಮಾಂಸ ತಿರುವುವ ಇಕ್ಕುಳ ಹಿಡಿದು ನಿಂತಿದ್ದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಳು ನಿಂತಿತು. ಸಿಟ್ಟು ಬಂತು.

"ನೀನು ಸತ್ತಿಲ್ವಾ?"

"ಹಾಂ?" ಎಂದ ಅವನು, ಕಿವಿಗೆ ಕೈ ಹಚ್ಚಿ.

"ಸತ್ತಿಲ್ವಾ ಅಂದೆ! ದೋಣಿಯಲ್ಲಿ ಅಲ್ಲಿಂದ ಇಲ್ಲಿತನಕ ಅತ್ಕೊಂಡು ಬಂದಿದೀನಿ! ಹೋದ ಕಣ್ಣೀರು ಯಾರು ವಾಪಸ್ ಕೊಡ್ತಾರೆ?"

"ಊಟಕ್ಕೆ ಬಂದ್ಯಾ? ಬಾ, ಕೂತ್ಕೋ," ಎಂದ ಮುದುಕ, ಒಂದೂ ಕೇಳಿಸದೆ. ಅವಳ ಮುಖ ನೋಡಿದ್ದೇ ಅವನಿಗೆ ಸಾಕಾಗಿತ್ತು. ಕೆಂಡದ ಮೇಲಿನ ದೊಡ್ಡ ತುಂಡನ್ನು ಅವಳಿಗೆಂದು ಪಕ್ಕಕ್ಕೆ ಸರಿಸಿದ.

ಇಂಥ ಹೊತ್ತಿಗೆ ಸರಿಯಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಮೆಚ್ಚುಗೆಯ ಮಾತು ಸ್ವೀಕರಿಸಲು ಮುಖ ಸಿದ್ಧಮಾಡಿಕೊಂಡು ಸಿನ್ಫೊರಿಯಾನೊ ಒಳಗೆ ಬಂದ. ಹಿಂದೆ ಎದುವಿಹೆ. ಅಂಗಳವೆಲ್ಲ ಅವನತ್ತ ತಿರುಗಿತು.

"ಬಂದ ನೋಡ್ರಪ್ಪ, ಬದುಕಿರೋರನ್ನ ಹೂಳೋನು!" ಎಂದು ರುಫೀನೊ ಕೂಗಿದ.

ಬಡಗಿ ಅಳತೆಪಟ್ಟಿ ಮಡಿಸುತ್ತ, "ನನ್ನ ಹಲಗೆ ಕುಯ್ದಾಗಿದೆ ಮಾರಾಯ. ಈಗ ನೀನೇ ಮಲಕ್ಕೋ, ನಿನ್ನ ಅಳತೆ ತಗೋತೀನಿ," ಎಂದ.

ಸಿನ್ಫೊರಿಯಾನೊಗೆ ತಲೆಬುಡ ತಿಳಿಯಲಿಲ್ಲ. "ನಾನೇನು ಅಂದೆ? ಕೀರ್ತಿಶೇಷ ಅಂದೆ. ದೊಡ್ಡ ಮನುಷ್ಯ ಅಂದೆ!"

ಅತಿಥಿಯಾಗಿ ಬಂದಿದ್ದ ಮಿರ್ತಾ ಟೀಚರ್ ಬಾಯಿಗೆ ಕೈ ಒತ್ತಿಕೊಂಡಿದ್ದಳು. "ಕರಾಯ್, ಕೀರ್ತಿಶೇಷ ಅಂದ್ರೆ ತೀರಿಹೋದವರು. ಮನುಷ್ಯ ಹೋಗಿ ಹೆಸರು ಮಾತ್ರ ಉಳಿದದ್ದು."

"ಚಿರಶಾಂತಿ?"

"ಅದೂ ಅದೇ. ಮತ್ತೆ ಏಳದ ನಿದ್ದೆ."

ಅವನು ನಿಂತಲ್ಲೇ ಲೆಕ್ಕ ಹಾಕಿದ. ಕುರ್ಚಿ. ಕಾಫಿ. ಮೇಣದಬತ್ತಿ. "ಹಾಗಾದ್ರೆ... ಸ್ಟೇಷನ್ ಮಾಸ್ತರ?"

"ಮೊದಲನೇ ಸಾಲಿಗಿಂತ ಮುಂಚೆನೇ ಹೋಗಿದ್ದಾರೆ."

"ಅದಕ್ಕೇ ಮಾತಾಡಲಿಲ್ಲ!" ಎದುವಿಹೆ ಚೀರಿದಳು. "ಈ ಮನುಷ್ಯ ಒಂದು ಹೆಣ ನೋಡಿ ಗಾಂಭೀರ್ಯ ಕಲಿಯೋಕೆ ಹೋಗಿದ್ರು! ನಾನು ಜಂತುಹುಳ ಅಂತ ಕಷಾಯ ಕೊಟ್ಟೆ!"

ಟೀಚರ್ ನಗು ತಡೆಯಲಾರದೆ ಬೆಂಚಿನ ಮೇಲೆ ಕುಸಿದಳು. ಫಿದೆಲಿನಾ ಅಪ್ಪನ ಕಿವಿಯಲ್ಲಿ ಎಲ್ಲವನ್ನೂ ಕೂಗಿ ಹೇಳಿದಳು. ಮುದುಕ ಸಿನ್ಫೊರಿಯಾನೊನತ್ತ ತಿರುಗಿದ.

"ಎಷ್ಟು ಜನ ಅತ್ರು?" ಎಂದು ಕೇಳಿದ.

"ತುಂಬ ಜನ, ದೋನ್ ಕ್ರಿಸ್ಪುಲೊ," ಎಂದ ಸಿನ್ಫೊರಿಯಾನೊ ನೆಲ ನೋಡುತ್ತ. "ನಾನು ನನ್ನ ಸ್ಪ್ಯಾನಿಷ್ ಚೆನ್ನಾಗಿದೆ ಅಂತ ಅಳ್ತಿದಾರೆ ಅಂದ್ಕೊಂಡೆ."

ಈ ಸಲ ಮುದುಕನಿಗೆ ಪೂರ್ತಿ ಕೇಳಿಸಿತು. ಅವನು ನಕ್ಕ ರಭಸಕ್ಕೆ ಇಕ್ಕುಳ ಕೆಂಡದಲ್ಲಿ ಬಿತ್ತು. ಕಪ್ಪು ಬಟ್ಟೆಯಲ್ಲೇ ಎಲ್ಲರೂ ಉಂಡರು. ಸಾತುರ್ನಿನಾ ಅಣ್ಣನ ಪಕ್ಕದಲ್ಲಿ ಕೂತು ಅವನ ತಟ್ಟೆಯಿಂದ ಎಲುಬು ಕಿತ್ತುಕೊಳ್ಳುತ್ತ, ಸಂಜೆಯವರೆಗೂ ಬೈಯುತ್ತಲೇ ಇದ್ದಳು. ಬೈಗುಳಕ್ಕೆ ಬಿಡುವು ಸಿಕ್ಕಾಗ ಒಳಗಿನಿಂದ ಹಾರ್ಪ್ ತರಿಸಿ, ತಂತಿ ಸಡಿಲವಾಗಿದೆ ಎಂದು ಅದಕ್ಕೂ ಬೈದಳು.

ಮನೆಗೆ ಮರಳಿ ಸಿನ್ಫೊರಿಯಾನೊ ಹಾರ್ನುಗಳಿಗೆ ಗೋಣಿ ಹೊದಿಸಿದ. ಇನ್ನು ಬಾಯಿ ತೆರೆಯುವುದಿಲ್ಲ ಎಂದು ನಿಶ್ಚಯಿಸಿದ. ಆದರೆ ತಿದ್ದುಪಡಿ ಕೂಗುವವರು ಯಾರು? ಹೊಳೆಯಾಚೆ ಇನ್ನೂ ಜಪ ನಡೆದಿತ್ತು. ಭಾನುವಾರ ಬೆಳಿಗ್ಗೆ ಗೋಣಿ ತೆಗೆದು, ಗ್ವಾರಾನಿಯಲ್ಲೇ ಕೂಗಿದ: "ದೋನ್ ಕ್ರಿಸ್ಪುಲೊ ಬದುಕಿದಾರೆ. ಚೆನ್ನಾಗಿ ಉಣ್ತಿದಾರೆ. ಸತ್ತಿರೋದು ನನ್ನ ಬುದ್ಧಿ ಮಾತ್ರ. ಅದಕ್ಕೆ ಊಟ ಗೀಟ ಏನಿಲ್ಲ, ಯಾರೂ ಬರೋದು ಬೇಡ."

ಆ ಮಧ್ಯಾಹ್ನ ಕಥೆಯನ್ನು ಮತ್ತೆ ಮೊದಲಿಂದ ತೆಗೆದ. ಅವೇ ಎರಡು ಪುಟ. ಈಗ ಕುರ್ಚಿ ಖಾಲಿಯಿತ್ತು. ಅಹರ್ನಿಶಿ ಎಂಬ ಹೆಂಗಸೂ ಇರಲಿಲ್ಲ. ಹಗಲೂ ರಾತ್ರಿ ದುಡಿಯುತ್ತಿದ್ದವಳು ಆ ಹೆಂಡತಿಯೇ ಎಂದು ಟೀಚರ್ ಬಿಡಿಸಿ ಹೇಳಿದ್ದಳು. ಆಕೆ ಒಬ್ಬಳೇ ಕಾಫಿ ಇಟ್ಟು, ಒಬ್ಬಳೇ ಮಾತಾಡಿ, ತಣ್ಣಗಾದ ಮೇಲೆ ಒಬ್ಬಳೇ ಕುಡಿಯುತ್ತಿದ್ದಳು. ಮೊದಲ ಸಲ ಆ ಗಂಡಸನ್ನು ಮೆಚ್ಚುವ ಭರದಲ್ಲಿ ಅವಳತ್ತ ಅವನು ನೋಡಿಯೇ ಇರಲಿಲ್ಲ. ಓದುತ್ತ ಓದುತ್ತ ಕಾಗದವನ್ನು ಮಡಿಲಿಗೆ ಇಳಿಸಿದ. ಕೆಮ್ಮಿದ, ಧೂಳು ಎಂದ.

ಎದುವಿಹೆ ಕಾಗದ ಕಿತ್ತುಕೊಂಡು ಅಕ್ಷರಗಳನ್ನೇ ನೋಡಿದಳು. ಓದಲು ಅವಳಿಗೆ ಬಾರದು.

"ನಾನೂ ಬರ್ತೀನಿ ಕ್ಲಾಸಿಗೆ," ಎಂದಳು. "ಇಷ್ಟು ವರ್ಷ ನೀವು ಓದಿ ಹೇಳಿದ್ದನ್ನೆಲ್ಲ ನಂಬ್ಕೊಂಡು ಬಂದಿದೀನಿ. ಅದರಲ್ಲಿ ಯಾರ್ಯಾರು ಸತ್ತಿದ್ರೋ, ಯಾರ್ಯಾರು ಬದುಕಿದ್ರೋ!"

ಬಂದಳು. ಮೊದಲ ಬೆಂಚಿನಲ್ಲಿ ಕೂತಳು. ಗಂಡ ಒಂದು ಪುಟ ದಾಟುವಷ್ಟರಲ್ಲಿ ಅವಳು ಅಕ್ಷರ ಮುಗಿಸಿ ಸಾಲಿಗೆ ಬಂದಳು, ಮಳೆಗಾಲ ಕಳೆಯುವಷ್ಟರಲ್ಲಿ ಕಥೆಗೆ. ಗೊತ್ತಿಲ್ಲದ ಪದ ಬಂದರೆ ಸಿನ್ಫೊರಿಯಾನೊ ಈಗಲೂ ಮೊದಲು ಊಹಿಸುತ್ತಾನೆ. ಊಹೆ ಹೇಗೂ ತಪ್ಪೇ ಎಂಬ ನೆಮ್ಮದಿಯಲ್ಲಿ ಹೆಂಡತಿಯನ್ನು ಕೇಳುತ್ತಾನೆ. ಅವಳು ನಿಘಂಟು ತೆರೆಯುತ್ತಾಳೆ, ಬೆರಳಿಟ್ಟು ಓದುತ್ತಾಳೆ, ಅರ್ಥ ಸಿಕ್ಕಿದರೂ ತಕ್ಷಣ ಹೇಳುವುದಿಲ್ಲ. ಅವನ ಊಹೆಯನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಸಿಕೊಂಡು, ಕ್ಲಾಸಿನ ಜೊತೆ ಸೇರಿ ನಕ್ಕ ಮೇಲೆಯೇ ಹೇಳುವುದು.