ಜರಾ ಆರಾಮಿಲ್ಲ

ಅಫಜಲಪುರದ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವಾಗ ‘ಮ್ಯಾಟರ್ ಆಫ್ ಫ್ಯಾಕ್ಟ್’ ಎಂಬ ವಿಶೇಷಣ ಬಂದರೆ ನಾನು ಡಿಕ್ಷನರಿ ತೆಗೆಯುವುದಿಲ್ಲ, ಅವ್ವನ ಕತೆ ಹೇಳುತ್ತೇನೆ. ಇದ್ದದ್ದನ್ನು ಇದ್ದ ಹಾಗೆ, ಉಪ್ಪು ಖಾರ ಹಚ್ಚದೆ, ಮುಖದ ಒಂದು ಗೆರೆಯೂ ಅಲುಗದಂತೆ ಹೇಳುವುದು ಎಂದರ್ಥ. ಈ ನೌಕರಿ ಸಿಕ್ಕಿತೆಂದು ನಾನು ಕುಣಿಯುತ್ತ ಬಂದಾಗ ಅವ್ವ, “ಚಲೋ ಆತು. ಹಾಲು ಉಕ್ಕಾಕತ್ತದ, ಗ್ಯಾಸ್ ಸಣ್ಣ ಮಾಡು” ಅಂದಿದ್ದಳು.

ನಮ್ಮ ಕಡೆ ಈ ಗುಣ ಅಪರೂಪ. ಇಲ್ಲಿ ನೆಗಡಿ ಬಂದವರೂ “ಸತ್ತೇ ಹೋದೆ” ಅನ್ನುತ್ತಾರೆ. ನಿಜವಾಗಿ ಯಾರಾದರೂ ಸತ್ತಾಗ ಮಾತ್ರ ಫೋನಿನಲ್ಲಿ ಆ ಮಾತು ಆಡುವುದಿಲ್ಲ. “ಜರಾ ಆರಾಮಿಲ್ಲ, ಬಂದು ಹೋಗ್ರಿ” ಅನ್ನುತ್ತಾರೆ. ಕೇಳಿದವರು ಹೂವಿನ ಹಾರ ತಗೊಂಡೇ ಹೊರಡುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಹೋದ ವರ್ಷ ನಾನು ಎಡವಟ್ಟು ಮಾಡಿದೆ. ಅವ್ವನಿಗೆ ನಾಲ್ಕು ದಿನದಿಂದ ಜ್ವರ. ಮಣ್ಣೂರಿನಲ್ಲಿರುವ ತನ್ನ ಅಕ್ಕನನ್ನು, ಅಂದರೆ ನನ್ನ ದೊಡ್ಡವ್ವನನ್ನು, ನೋಡಬೇಕೆಂದಳು. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅಜ್ಜಿಯ ಬೋರಮಾಳ ಸರ ಕಾಣೆಯಾದಾಗ ದೊಡ್ಡವ್ವ ನಾಲ್ಕು ಮಂದಿಯ ಮುಂದೆ ಇವಳನ್ನು ಕಳ್ಳಿ ಅಂದಿದ್ದಳು. ಅವ್ವ “ನಾ ತಗೊಂಡಿಲ್ಲ” ಎಂದಷ್ಟೇ ಹೇಳಿ ಎದ್ದು ಬಂದಿದ್ದಳು. ಅತ್ತು ಕರೆದು ಆಣೆ ಮಾಡಿದ್ದರೆ ನಂಬುತ್ತಿದ್ದರೋ ಏನೋ. ಕಣ್ಣೀರಿಲ್ಲದ ಮಾತನ್ನು ಯಾರೂ ನಂಬಲಿಲ್ಲ, ಕಳ್ಳಿ ಎಂಬ ಹೆಸರು ಉಳಿಯಿತು. ಆ ಮಂದಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

“ಏನಂತ ಹೇಳ್ಲಿ?” ಎಂದೆ.

“ಜರಾ ಆರಾಮಿಲ್ಲ, ಬಾ ಅನ್ನು. ಇದ್ದದ್ದು ಅಷ್ಟ ಅದ.”

ನಾನೂ ಅಷ್ಟೇ ಹೇಳಿ ಫೋನಿಟ್ಟೆ.

ಎರಡು ತಾಸಿನಲ್ಲಿ ಟಂಟಂ ಆಟೊ ತುಂಬ ಮಂದಿ ಬಂದಿಳಿದರು. ಸತ್ತವರ ಗುಣ ಹಾಡಿಕೊಂಡು ಅಳುವುದು ನಮ್ಮ ರಿವಾಜು. ದೊಡ್ಡವ್ವ ಓಣಿಯ ಬಾಯಲ್ಲೇ ಎದೆ ಬಡಿದುಕೊಳ್ಳುತ್ತ ರಾಗ ಎತ್ತಿದಳು. “ಬಂಗಾರದಂಥಾ ತಂಗಿ ಹೋದೇನವ್ವಾ... ಬೋರಮಾಳ ಜ್ವಾಳದ ಚೀಲದಾಗ ಸಿಕ್ಕಿತ್ತವ್ವಾ... ಕಳ್ಳಿ ಅಂದ ನನ್ನ ನಾಲಿಗಿ ಸೇದಿ ಹೋಗ್ಲೆವ್ವಾ...” ನಾನು ತಡೆಯಲು ಓಡಿದೆ. ಆ ದನಿಯ ಮುಂದೆ, ಮೈಕಿಲ್ಲದೆ ಎಂಬತ್ತು ಹುಡುಗರನ್ನು ಸುಮ್ಮನಿರಿಸುವ ನನ್ನ ದನಿಯದು ಏನೂ ನಡೆಯಲಿಲ್ಲ.

ಹಾಡುತ್ತಲೇ ಒಳಗೆ ಬಂದಳು. ಅವ್ವ ಹಾಸಿಗೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಳು. ರಾಗ ಅರ್ಧಕ್ಕೇ ನಿಂತಿತು. ಅವಳ ಹಿಂದೆ ಹಾರ ಹಿಡಿದು ಬಂದಿದ್ದ ಸೋದರಮಾವ ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಅವ್ವ ಬಾಗಿಲಲ್ಲಿ ನಿಂತವರನ್ನು ನೋಡಿ, “ಎಲ್ಲಾರೂ ಕೇಳಿದ್ರಿಲ್ಲ?” ಅಂದಳು. ಆಮೇಲೆ ಸಂತೆಯಲ್ಲಿ ಬದನೆಕಾಯಿಯ ದರ ಕೇಳುವಂತೆ ಅಕ್ಕನನ್ನು ಕೇಳಿದಳು: “ಸಿಕ್ಕು ಎಷ್ಟು ದಿನಾತು?”

“ಆರು ವರ್ಷಾತು.”

“ಹೇಳಾಕ ನಾ ಸಾಯಬೇಕಿತ್ತೇನು?”

ದೊಡ್ಡವ್ವ ಅಲ್ಲೇ ನೆಲದ ಮೇಲೆ ಕುಸಿದು ಅತ್ತಳು. ಈ ಸಲ ರಾಗವೂ ಇರಲಿಲ್ಲ, ಮಾತೂ ಇರಲಿಲ್ಲ.