ಹುಸೇನಮ್ಮ ಆಡಿದ ಒಂದು ಪಾಳಿ

ಭಾನುವಾರ, ಬೆಳಗಿನ ಏಳೂಕಾಲಿಗೆ ಬರೆಯಲು ಕೂತಿದ್ದೇನೆ.

ಕಲಬುರಗಿಯ ನಮ್ಮ ಶಾಲೆಯ ಖೋಖೋ ಕ್ಯಾಪ್ಟನ್ ಹುಸೇನಮ್ಮ ಯಾರ ಜೊತೆ ಮಾತಾಡುವಾಗಲೂ ಒಂದು ಕಾಲು ಮುಂದಿಟ್ಟೇ ನಿಲ್ಲುತ್ತಿದ್ದಳು, ಮಾತು ಮುಗಿದ ಕೂಡಲೇ ಓಡುವವಳಂತೆ. ಆದರೆ ಮಾತು ಮುಗಿಯುತ್ತಿರಲಿಲ್ಲ. ಕಾರಣ ಅವಳ ಹೆಸರು. ಅಪ್ಪ ಮಹಾಗಾಂವದ ರೈತ ಮಲ್ಲಣ್ಣ, ಹಣೆ ತುಂಬ ವಿಭೂತಿ, ಮಗಳು ಹುಸೇನಮ್ಮ. ಇದು ಹೇಗೆ ಎಂದು ಒಂಬತ್ತನೆಯ ತರಗತಿಯಲ್ಲಿ ನನ್ನೆದುರೇ ಕೇಳಿದವರು ಮೂವತ್ತೇಳು ಮಂದಿ. ನಾನು ತಂಡದ ಅಂಕ ಬರೆಯುವವಳು. ಇದನ್ನೂ ಅದೇ ವಹಿಯಲ್ಲಿ ಬರೆದಿಟ್ಟಿದ್ದೇನೆ.

ಅವಳ ಉತ್ತರ ಎಲ್ಲರಿಗೂ ಒಂದೇ: “ನಮ್ಮವ್ವಗ ಮಕ್ಕಳಾಗಿದ್ದಿಲ್ರಿ. ನಮ್ಮ ಆಯಿ, ಅಪ್ಪನ ಅವ್ವ, ಮೊಹರಮ್‌ನ್ಯಾಗ ಹುಸೇನ ಪೀರ ದೇವರಿಗಿ ಸಕ್ಕರಿ ಓದಿಸಿ ಹರಕಿ ಹೊತ್ತು, ಕೂಸು ಆದ್ರ ನಿನ್ನ ಹೆಸರೇ ಇಡ್ತೀನಿ ಅಂದಿದ್ದಳು. ನಾ ಹುಟ್ಟೀನಿ. ಆತಲ್ರಿ? ಹೋಗ್ಲಿ?”

ಮಹಾಗಾಂವದಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಇನ್ನೂ ನಾಲ್ವರು ಹುಸೇನಪ್ಪಂದಿರಿದ್ದಾರೆ. ಓದಿದವರಿಗೆ ಮಾತ್ರ ಅನುಮಾನ. ಪಂದ್ಯಾವಳಿಯ ಅರ್ಜಿ ನೋಡಿ ಹೆಡ್‌ಮಾಸ್ತರರು ಕರೆಸಿದರು. “ನೋಡವ್ವ, ನಾಳಿ ಯಾರರ ಏನರ ಕೇಳ್ತಾರ. ಸಂಜನಾ ಅಂತ ಬದಲಿ ಮಾಡಿಸು, ಚೆಂದ ಅದ.”

“ನಮ್ಮ ಆಯಿ ಇನ್ನೂ ಅದಾಳ್ರಿ ಸರ್,” ಎಂದಳು ಇವಳು. “ನೀವೇ ಬಂದು ಹೇಳ್ರಿ.” ಅವರು ಹೋಗಲಿಲ್ಲ.

ತಂಡದಲ್ಲಿ ಶಬಾನಾ ಕೆಣಕುತ್ತಿದ್ದಳು. “ಏ ಹುಸೇನವ್ವಾ, ನಮ್ಮ ಮನ್ಯಾಗೂ ಇಂಥಾ ಹೆಸರಿಲ್ಲ ನೋಡು. ಅದಲಾಬದಲಿ ಮಾಡೋಣೇನು?”

“ನಕ್ಕೋ, ಬ್ಯಾಡ. ಮೊದಲ ಸರಿಯಾಗಿ ಖೋ ಕೊಡೋದು ಕಲಿ.”

ನಮ್ಮ ತಂಡದ ಸಾಧನೆಯನ್ನೂ ಹೇಳಬೇಕು. ಹನ್ನೊಂದು ಪಂದ್ಯ, ಗೆಲುವು ಎರಡು. ಅದರಲ್ಲಿ ಒಂದು ಸಲ ಎದುರಾಳಿಗಳ ಬಸ್ಸು ಕೆಟ್ಟಿತ್ತು.

ಹನ್ನೆರಡನೆಯ ಪಂದ್ಯ ಕಮಲಾಪುರದಲ್ಲಿ. ಆ ದಿನ ಮಲ್ಲಣ್ಣ ಮೊದಲ ಬಾರಿ ಮಗಳ ಆಟ ನೋಡಲು ಬಂದರು. ಬಸ್ಸಿಳಿದ ಮಗಳಿಗೆ ನಮ್ಮೆಲ್ಲರ ಮುಂದೆಯೇ ಹೇಳಿದರು: “ಇವತ್ತ ನೋಡ್ತೀನಿ. ಖರೇ ಆಟ ಇದ್ರ ಮುಂದ ಆಡು. ಸುಮ್ಮ ಓಡ್ಯಾಡೋದಿದ್ರ ನಾಳಿಂದ ಬಂದ್.” ಊರಿಗೆ ಮರಳುವ ಅವರ ಟೆಂಪೋ ಐದಕ್ಕೆ ಹೊರಡುವುದು.

ಮೂರೂವರೆಗೆ ಆಟಗಾರರ ಪರಿಚಯವಾಯಿತು. ಮುಖ್ಯ ಅತಿಥಿಗಳು ಮೂವತ್ತೆಂಟನೆಯವರಾಗಿ ಹೆಸರಿನ ಪ್ರಶ್ನೆ ಕೇಳಿದರು, ಉತ್ತರ ಕೇಳಿ ಕಣ್ಣೊರೆಸಿಕೊಂಡರು, ಅವಳನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸಿದರು. ಸೌಹಾರ್ದದ ಬಗ್ಗೆ ಇಪ್ಪತ್ತಾರು ನಿಮಿಷ ಮಾತಾಡಿದರು. ಬಳಿಕ ನಮ್ಮ ಹೆಡ್‌ಮಾಸ್ತರರು ಎದ್ದು, ಈ ಹೆಸರನ್ನು ಶಾಲೆ ಮೊದಲಿನಿಂದಲೂ ಕಾಪಾಡಿಕೊಂಡು ಬಂದಿದೆ ಎಂದು ಹದಿನೇಳು ನಿಮಿಷ. ಆಮೇಲೆ ವಂದನಾರ್ಪಣೆಯವರು ಶುರುಮಾಡಿದರು. ನಾಲ್ಕೂವರೆಗೆ ವ್ಯವಸ್ಥಾಪಕರು ಗಡಿಯಾರ ನೋಡಿ, ಸಮಯವಿಲ್ಲ, ನಾಣ್ಯ ಚಿಮ್ಮಿ ಫಲಿತಾಂಶ ಹೇಳಿಬಿಡೋಣ ಎಂದರು. ಕಂಬದ ಹತ್ತಿರ ನಿಂತಿದ್ದ ಮಲ್ಲಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು ರಸ್ತೆಯ ಕಡೆ ತಿರುಗಿದರು.

ಹುಸೇನಮ್ಮ ಶಾಲು ಮಡಚಿ ಅತಿಥಿಗಳ ಕೈಗೆ ಕೊಟ್ಟು ಮೈಕು ಹಿಡಿದಳು.

“ಸಾಹೇಬ್ರ, ಹೆಸರು ನಮ್ಮ ಆಯಿ ಇಟ್ಟಾಳ. ಅದ್ರಾಗ ನಂದೇನೂ ಇಲ್ರಿ. ಆಟ ನಾ ಕಲ್ತೀನಿ. ಅದನ್ನ ನೋಡ್ರಿ. ಅಪ್ಪಾ, ನಿಂದ್ರು!”

ವೇದಿಕೆಯಿಂದ ಹಾರಿ ನೇರ ಅಂಕಣಕ್ಕೇ ಇಳಿದಳು. ಶಬಾನಾ ಆಗಲೇ ಕೂತಾಗಿತ್ತು, ಉಳಿದವರೂ ಕೂತರು. ಅಂಪೈರಿಗೆ ಸೀಟಿ ಊದದೆ ದಾರಿಯಿರಲಿಲ್ಲ. ಪ್ರತಿ ತಂಡಕ್ಕೆ ಒಂದೊಂದೇ ಪಾಳಿ ಎಂದಾಯಿತು.

ನಮ್ಮ ಪಾಳಿಯಲ್ಲಿ ಅವಳೊಬ್ಬಳೇ ಐವರನ್ನು ಔಟ್ ಮಾಡಿದಳು. ಕೊನೆಯವಳಿಗಾಗಿ ಕಂಬದ ಬುಡದಲ್ಲಿ ಉದ್ದಕ್ಕೆ ಹಾರಿ ಮೊಣಕೈ ತರಚಿಕೊಂಡಳು. ಟೆಂಪೋ ಹಾರನ್ ಹೊಡೆಯಿತು. ಮಲ್ಲಣ್ಣ ಅಂಕಣದಿಂದ ಕಣ್ಣು ತೆಗೆಯದೆಯೇ ಕೂಗಿದರು: “ತಡಿಯೋ ಮಾರಾಯ, ಇನ್ನೊಂದು ಪಾಳಿ ಅದ!”

ಪಂದ್ಯ ಒಂದು ಅಂಕದಿಂದ ಸೋತೆವು. ಟೆಂಪೋ ಹೋಗಿಬಿಟ್ಟಿತು. ಅಪ್ಪ ಮಗಳು ನಮ್ಮ ಬಸ್ಸಿನಲ್ಲೇ ಮಹಾಗಾಂವ ಕ್ರಾಸಿನವರೆಗೆ ಬಂದರು. ದಾರಿಯುದ್ದಕ್ಕೂ ಮಲ್ಲಣ್ಣ, “ಆ ಕಡೀ ಹುಡುಗಿ ಎಡಕ್ಕ ಹೊಳ್ತಾಳಂತ ನಿನಗ ಹೆಂಗ ಗೊತ್ತಾತು?” ಎಂದು ಕೇಳುತ್ತಲೇ ಇದ್ದರು. ಅವಳು ಅಂಗೈ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು.

ಮರುವರ್ಷ ಅವರೇ ಅವಳನ್ನು ಬೇರೆ ಜಿಲ್ಲೆಯ ಕ್ರೀಡಾ ವಸತಿ ಶಾಲೆಗೆ ಸೇರಿಸಿದರು. ಮತ್ತೆ ನಾನು ನೋಡಿಲ್ಲ. ಹೆಡ್‌ಮಾಸ್ತರರ ಕೋಣೆಯಲ್ಲಿ ಶಾಲು ಹೊದ್ದ ಅವಳ ಫೋಟೋ ಇದೆ. ಕೆಳಗೆ ‘ನಮ್ಮ ಸೌಹಾರ್ದ’ ಎಂದಿದೆ, ಖೋಖೋದ ಮಾತಿಲ್ಲ.

ಅವಳು ಈಗ ಎಲ್ಲಿ ಆಡುತ್ತಾಳೆಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಹೆಸರಿನ ವಿವರ ಬೇಡ. ಎಷ್ಟು ಜನರನ್ನು ಔಟ್ ಮಾಡಿದಳು, ಅಷ್ಟು ತಿಳಿಸಿದರೆ ಸಾಕು.